ಬಾಣಂತಿಯ ಬಚ್ಚಲು

ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಬೆಳಗಿನ ಹೊತ್ತು ನಿಪ್ಪಟ್ಟಿನ ಘಮ ಬಂತೆಂದರೆ ಶಿವಕುಮಾರಿಯ ಒಲೆ ಹೊತ್ತಿದೆ ಎಂದೇ ಅರ್ಥ. ಗಂಡ ಪಂಚಾಕ್ಷರಯ್ಯ ಪೇಟೆಯ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಪೇಪರ್ ಹಿಡಿದು ಕೂತ ಮೇಲೆ ಆಕೆ ಶುರುಮಾಡಿದ ಕುರುಕಲು ತಿಂಡಿಗೆ ಈಗ ಬೀದಿಯಲ್ಲೆಲ್ಲ ಗಿರಾಕಿಗಳಿದ್ದರು. ಗರಿಗರಿಯಾಗಿರಬೇಕೆಂದು ವನಸ್ಪತಿಯಲ್ಲೇ ಕರಿಯುತ್ತಿದ್ದಳು. ಕರಿದು ಮುಗಿದ ಕೂಡಲೇ ಬಾಣಲೆಯಲ್ಲಿ ಉಳಿದ ಜಿಡ್ಡನ್ನು ಸಿಂಕಿಗೆ ಸುರಿದು, ಅದರ ಬೆನ್ನಿಗೇ ದೊಡ್ಡ ಪಾತ್ರೆಯ ತುಂಬ ಕುದಿಯುವ ನೀರು ಹೊಯ್ಯುತ್ತಿದ್ದಳು. ಕುದಿನೀರು ಬಿದ್ದರೆ ಎಂಥ ಜಿಡ್ಡೂ ಓಡಿಹೋಗುತ್ತದೆ ಎನ್ನುವುದು ಅತ್ತೆಯಿಂದ ಕಲಿತ ಪಾಠ. ಅದನ್ನು ಸುಳ್ಳೆನ್ನಲು ಯಾರಿಗೂ ಬಾಯಿರಲಿಲ್ಲ. ಆಕೆಯ ಸಿಂಕು ಒಂದು ದಿನವೂ ಕಟ್ಟಿಕೊಂಡಿರಲಿಲ್ಲ.

ಕಟ್ಟಿಕೊಂಡದ್ದು ಹಿತ್ತಿಲ ಮನೆಯ ಬಚ್ಚಲು. ಅಲ್ಲಿ ಬಾಡಿಗೆಗಿದ್ದ ಪಿಳ್ಳಮ್ಮನ ಒಬ್ಬಳೇ ಮಗಳು ಗಗನಾ ಚೊಚ್ಚಲ ಕೂಸನ್ನು ಎತ್ತಿಕೊಂಡು ಬಾಣಂತನಕ್ಕೆ ಬಂದಿದ್ದಳು. ಎರಡು ಮನೆಗಳ ನೀರೂ ಅಂಗಳದಡಿಯ ಒಂದೇ ಪೈಪಿನಲ್ಲಿ ಕೂಡಿಕೊಂಡು ಹಿಂದಿನ ಓಣಿಗೆ ಹೋಗುತ್ತಿತ್ತು. ಹಿತ್ತಿಲ ಮನೆ ತಗ್ಗಿನಲ್ಲಿದ್ದುದರಿಂದ ಹೋಗಬೇಕಾದ ನೀರು ತಿರುಗಿ ಅವರ ಬಚ್ಚಲಿಗೇ ನುಗ್ಗತೊಡಗಿತು. ಬಾಣಂತಿಗೆ ನೀರೆರೆಯಲು ಕೂರಿಸಿದರೆ ಪಾದ ಮುಳುಗುವಷ್ಟು ಕೊಳೆನೀರು ನಿಲ್ಲುತ್ತಿತ್ತು, ನಾತ ತೊಟ್ಟಿಲ ತನಕ ಬರುತ್ತಿತ್ತು. ಸುದ್ದಿ ವೈಯಾಲಿಕಾವಲ್‌ನ ಗಂಡನ ಮನೆಗೆ ಮುಟ್ಟಿದ್ದೇ ತಡ, ಬೀಗಿತಿ ಶೈಲಜಮ್ಮ ಫೋನ್ ಮಾಡಿ ಭಾನುವಾರ ಬಂದು ಸೊಸೆಯನ್ನೂ ಮೊಮ್ಮಗುವನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿಬಿಟ್ಟಳು. ಗಂಡನಿಲ್ಲದೆ ಮಗಳನ್ನು ಬೆಳೆಸಿದ ಪಿಳ್ಳಮ್ಮ ಅಂಟಿನುಂಡೆಯ ಡಬ್ಬವನ್ನು ಮುಂದಿಟ್ಟುಕೊಂಡು ಅತ್ತಳು. ತಾಯಿಯಾದವಳಿಗೆ ಮಗಳ ಬಾಣಂತನವನ್ನೂ ಮಾಡಲಾಗಲಿಲ್ಲ ಎನ್ನುವ ಮಾತು ಅವಳನ್ನು ಸಾಯುವವರೆಗೂ ಚುಚ್ಚುವಂಥದ್ದು.

ಶಿವಕುಮಾರಿಗೆ ಅಯ್ಯೋ ಅನ್ನಿಸಿತು, ನಿಜ. ಆದರೆ ತಪ್ಪು ಯಾರದೆನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ದಿನಾ ಹರಳೆಣ್ಣೆ, ಸೀಗೆಪುಡಿ, ಮೇಲೆ ಉದುರೋ ಕೂದಲು. ಕಟ್ಕೊಳ್ದೆ ಇನ್ನೇನಾಗತ್ತೆ ಪಿಳ್ಳಮ್ಮ? ನನ್ನ ಸಿಂಕ್ ನೋಡಿ, ಒಂದು ದಿನ ತೊಂದರೆ ಕೊಟ್ಟಿಲ್ಲ."

ಮನೆ ಮಾಲೀಕಳ ಎದುರು ಪಿಳ್ಳಮ್ಮ ದನಿ ಏರಿಸಲಿಲ್ಲ. "ಜಾಲರಿ ಮೇಲೆ ಹಳೇ ಸೀರೆ ತುಂಡು ಹಾಸೇ ನೀರು ಹಾಕೋದು ಅಮ್ಮ. ಕೂದ್ಲು, ಸೀಗೆ ಎಲ್ಲ ಬಳಿದು ಕಸಕ್ಕೆ ಹಾಕ್ತೀನಿ. ನಾವು ನಲ್ಲಿ ಮುಟ್ಟದೇ ಇದ್ದಾಗ್ಲೂ ನೀರು ಮೇಲಕ್ಕೆ ಬರತ್ತೆ."

ಬಾಣಂತಿ ಮನೆಯವರು ಇನ್ನೇನು ಹೇಳಿಯಾರು ಎಂದುಕೊಂಡು ಶಿವಕುಮಾರಿ ಒಳಗೆ ಹೋದಳು. ಇಷ್ಟೂ ಹೊತ್ತು ಪೇಪರ್ ಹಿಂದೆ ಅಡಗಿದ್ದ ಪಂಚಾಕ್ಷರಯ್ಯ, ವಾದ ಮಾಡುವ ಬದಲು ಅಂಗಳದ ಚೇಂಬರ್ ಬಿಚ್ಚಿ ನೋಡಿದರಾಯಿತಲ್ಲ ಎಂದ. ಬಿಚ್ಚಿಸಿ, ನನಗೇನು ಭಯ ಎಂದಳು ಅವಳು.

ಭಾನುವಾರ ಬೆಳಿಗ್ಗೆ ಪ್ಲಂಬರ್ ಬಂದ. ಎರಡು ಮನೆಯ ಪೈಪು ಕೂಡುವಲ್ಲಿ ಚೇಂಬರಿನ ಚಪ್ಪಡಿ ಎತ್ತುವ ಹೊತ್ತಿಗೆ ಶೈಲಜಮ್ಮನ ಆಟೋ ಕೂಡ ಬಾಗಿಲಿಗೆ ಬಂತು. ಗಗನಾಳ ಬ್ಯಾಗು ಹೊಸಿಲ ಬಳಿ ಸಿದ್ಧವಾಗಿತ್ತು. ಪ್ಲಂಬರ್ ಸರಳು ತೂರಿಸಿ ಎಳೆದಾಗ ಬಿಳಿಯ, ಗಟ್ಟಿಯಾದ ಮುದ್ದೆಯೊಂದು ಹೊರಬಂತು. ಇನ್ನೂ ಎಳೆದಂತೆ ಇನ್ನೂ ಬಂತು. ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನೋಡಿದ್ರಾ ಪಿಳ್ಳಮ್ಮನವ್ರೇ, ಬಾಣಂತಿಗೆ ಸುರಿದ ಎಣ್ಣೆನೇ ಇದು," ಎಂದಳು ಶೈಲಜಮ್ಮ. "ಕೈಲಾಗಲ್ಲ ಅಂದಿದ್ರೆ ನಾವೇ ಮಾಡ್ಕೋತಿದ್ವಿ."

ಹೇಳಿದೆನಲ್ಲ ಎನ್ನಲು ಶಿವಕುಮಾರಿಯೂ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಮುದ್ದೆಗೆ ಅಂಟಿದ್ದು ಕಣ್ಣಿಗೆ ಬಿತ್ತು. ಕರಿ ಎಳ್ಳು, ಕಡಲೆಕಾಯಿ ಬೀಜದ ಚೂರು, ಕರಿಬೇವು. ಬಾಣಂತಿ ಇರುವ ಮನೆಯಲ್ಲಿ ಕರಿದ ತಿಂಡಿಯ ಸುಳಿವೂ ಇರಲಿಲ್ಲ. ಇಡೀ ಬೀದಿಯಲ್ಲಿ ನಿಪ್ಪಟ್ಟಿಗೆ ಕರಿ ಎಳ್ಳು ಹಾಕುವವಳು ತಾನೊಬ್ಬಳೇ ಎಂದು ಅವಳೇ ಎಷ್ಟು ಸಲ ಕೊಚ್ಚಿಕೊಂಡಿರಲಿಲ್ಲ! ಒಲೆಯ ಮೇಲೆ ಕರಗಿದ ತುಪ್ಪ ಆರಿದ ಮೇಲೆ ಮತ್ತೆ ಹೆಪ್ಪುಗಟ್ಟುವುದನ್ನು ದಿನವೂ ನೋಡುವವಳು, ತಾನು ಸುರಿದ ಜಿಡ್ಡು ಅಂಗಳದಡಿಯ ತಣ್ಣನೆಯ ಪೈಪಿನಲ್ಲಿ ಏನಾದೀತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಕುದಿನೀರು ಅದನ್ನು ಓಡಿಸಿದ್ದು ನಿಜ. ಓಡಿಸಿದ್ದು ಪಿಳ್ಳಮ್ಮನ ಬಾಗಿಲಿಗೆ.

ಬೇರೆ ಯಾರೂ ಅದನ್ನು ಗುರುತಿಸಿರಲಿಲ್ಲ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಆಟೋ ಕೂಡ ಕಾಯುತ್ತಲೇ ಇತ್ತು. ಶಿವಕುಮಾರಿ ಮುದ್ದೆಯ ಹತ್ತಿರಕ್ಕೆ ಬಂದಳು.

"ಶೈಲಜಮ್ಮನವ್ರೇ, ಅದು ಬಾಣಂತಿ ಎಣ್ಣೆ ಅಲ್ಲ," ಎಂದಳು. "ನನ್ನ ನಿಪ್ಪಟ್ಟಿಂದು. ಎಳ್ಳು ನೋಡಿ, ಗೊತ್ತಾಗತ್ತೆ. ತಪ್ಪು ನಂದು, ಪಿಳ್ಳಮ್ಮಂದಲ್ಲ. ತಾಯಿ-ಮಗೂನ ಇಲ್ಲೇ ಬಿಟ್ಟೋಗಿ. ಇನ್ನೊಂದು ಸಲ ಈ ಬಚ್ಚಲು ಕಟ್ಕೊಂಡ್ರೆ ನನ್ನನ್ನ ಕೇಳಿ."

ಶೈಲಜಮ್ಮ ಅವಳ ಮುಖವನ್ನೂ ಮುದ್ದೆಯನ್ನೂ ನೋಡಿದಳು. ಪ್ಲಂಬರ್ ಬಕೆಟ್ ನೀರು ಸುರಿದಾಗ ಅದು ಗುಳುಗುಳು ಎಂದು ಇಳಿದುಹೋಯಿತು. ಅದನ್ನು ನೋಡಿದ ಮೇಲೆ ಆಕೆ ಆಟೋದವನನ್ನು ಕಳಿಸಿಬಿಟ್ಟು, ಸೊಸೆಯ ಬ್ಯಾಗನ್ನು ತಾನೇ ಎತ್ತಿ ಒಳಗಿಟ್ಟಳು.

ಮರುದಿನ ನಿಪ್ಪಟ್ಟು ಕರಿದ ಮೇಲೆ ಶಿವಕುಮಾರಿ ಬಾಣಲೆಯನ್ನು ಆರಲು ಬಿಟ್ಟಳು. ಉಳಿದ ಜಿಡ್ಡನ್ನು ಹಳೇ ಡಬ್ಬಕ್ಕೆ ತುಂಬಿ, ಗಂಡ ಇನ್ನೂ ಓದಿ ಮುಗಿಸಿರದ ಪೇಪರ್ ಹರಿದು ಬಾಣಲೆ ಒರೆಸಿ, ಆಮೇಲೆ ತೊಳೆಯಲು ಹಾಕಿದಳು. ಸಿಂಕಿನ ಬಾಯಿಗೆ ಹೊಸ ಜಾಲರಿ ಕೂತಿತ್ತು. ಪಂಚಾಕ್ಷರಯ್ಯ ಹರಿದ ಪುಟಕ್ಕಾಗಿ ಹುಡುಕಾಡಿದ, ಆದರೆ ತಕರಾರು ಮಾಡಲಿಲ್ಲ.

ಕೈ ಮಾತ್ರ ರೂಢಿಯಂತೆ ನೀರನ್ನು ಒಲೆಗಿಟ್ಟಿತ್ತು. ಅದು ಕುದಿದಾಗ ಶಿವಕುಮಾರಿ ಬಟ್ಟೆ ಹಿಡಿದು ಪಾತ್ರೆ ಎತ್ತಿ ಸಿಂಕಿನ ಕಡೆ ತಿರುಗಿದವಳು ಹಾಗೇ ನಿಂತಳು. ಆಮೇಲೆ ಹಿತ್ತಿಲ ಬಾಗಿಲು ದಾಟಿ, ಅಂಗಳದಲ್ಲಿ ಜೋಪಾನವಾಗಿ ಹೆಜ್ಜೆಯಿಡುತ್ತ ನಡೆದಳು.

"ಪಿಳ್ಳಮ್ಮ, ಬಾಗಿಲು ತೆಗೀರಿ," ಎಂದಳು. "ಬಾಣಂತಿಗೆ ಬಿಸಿನೀರು ತಂದಿದೀನಿ."