ಗೇಮ್ ಮೋಡ್ ಇಲ್ಲದ ಟೀವಿ

ರಿಪೇರಿಗೆ ಬರುವ ಟೀವಿಗಳಲ್ಲಿ ಅರ್ಧಕ್ಕರ್ಧ ಟೀವಿಗೆ ಏನೂ ಆಗಿರುವುದಿಲ್ಲ. ಯಾರೋ ರಿಮೋಟ್ ಮೇಲೆ ಕೂತಿರುತ್ತಾರೆ, ಚಿತ್ರದಲ್ಲಿರುವವರಿಗೆಲ್ಲ ಕಾಮಾಲೆ ಬಂದಿರುತ್ತದೆ. ನಾನು ಮೆನುವಿಗೆ ಹೋಗಿ ನಾಲ್ಕು ಗುಂಡಿ ಒತ್ತಿ ಸರಿಮಾಡುತ್ತೇನೆ. ಆದರೆ ತಕ್ಷಣ ಹೇಳುವುದಿಲ್ಲ. ಸ್ವಲ್ಪ ಹುಬ್ಬು ಗಂಟಿಕ್ಕಿ, ಹಿಂದಿನ ಮುಚ್ಚಳ ಬಿಚ್ಚಿದ ಹಾಗೆ ಮಾಡಿ, ಆಮೇಲೆ ಹೇಳುತ್ತೇನೆ. ಟೀವಿ ವಿಷಯದಲ್ಲಿ ಸುಳ್ಳು ಹೇಳುವುದರಲ್ಲಿ ನಾನು ಎತ್ತಿದ ಕೈ. ಅದಕ್ಕೇ ಇಷ್ಟೆಲ್ಲ ಆಯಿತು.

ಅಂಗಡಿ ನನ್ನದು ಮತ್ತು ಅಕ್ಕನದು. ಟೀವಿಯ ಒಳಗಿನದು ಅವಳದು, ಹೊರಗಿನದು ನನ್ನದು, ಇದು ಮೊದಲಿಂದಲೂ ನಮ್ಮ ಕರಾರು. ಅವಳು ಸರ್ಕ್ಯೂಟ್ ಬೋರ್ಡಿನ ಮುಂದೆ ಕತ್ತು ಬಗ್ಗಿಸಿ ಕೂತು ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳನ್ನು ಚಿಮುಟದಲ್ಲಿ ಹಿಡಿದು ಬೆಸುಗೆ ಹಾಕುತ್ತಾಳೆ. ನಾನು ಗೋಡೆಗೆ ಟೀವಿ ನೇತುಹಾಕುವುದು, ಬಣ್ಣ ಬೆಳಕು ಹೊಂದಿಸುವುದು, ಗಿರಾಕಿಗಳ ಜೊತೆ ಹರಟೆ ಹೊಡೆಯುವುದು. ಅವಳು ರಿಮೋಟ್ ಮುಟ್ಟುವುದಿಲ್ಲ, ನಾನು ಬೆಸುಗೆ ಕಡ್ಡಿ ಮುಟ್ಟುವುದಿಲ್ಲ. ಊರಿನ ಬೇರೆ ಅಂಗಡಿಯವರು ಕೈಚೆಲ್ಲಿದ ಬೋರ್ಡುಗಳು ನಮ್ಮಲ್ಲಿಗೆ ಬರುತ್ತಿದ್ದವು, ಅಂದರೆ ಅಕ್ಕನ ಕೈಗೆ ಬರುತ್ತಿದ್ದವು. ನಾನು ಬರೀ ಬಾಯಿ.

ಮಧ್ಯಾಹ್ನ ನನ್ನ ಹೆಂಡತಿ ಕಟ್ಟಿಕೊಟ್ಟ ಎರಡು ಡಬ್ಬಿ ಬಿಚ್ಚಿ ಊಟ ಮಾಡುತ್ತೇವೆ. ಆಮೇಲೆ ಒಂದು ಆಟ. ಚಿಕ್ಕಂದಿನಲ್ಲಿ ಅಪ್ಪ ತಂದುಕೊಟ್ಟ, ಟೀವಿಗೆ ಸಿಕ್ಕಿಸಿ ಆಡುವ ಆಟದ ಪೆಟ್ಟಿಗೆ, ಪರದೆಯ ಮೇಲೆ ಎರಡು ಬೊಂಬೆಗಳು ಓಡುತ್ತವೆ, ಹಳ್ಳ ಬಂದಾಗ ಗುಂಡಿ ಒತ್ತಿದರೆ ಹಾರುತ್ತವೆ. ಒಂದು ಕ್ಷಣ ತಡವಾದರೂ ಹಳ್ಳಕ್ಕೆ. ಸೋತವರು ಎರಡೂ ಡಬ್ಬಿ ತೊಳೆಯಬೇಕು. ಇಪ್ಪತ್ತು ವರ್ಷ ನಾನೇ ತೊಳೆದಿದ್ದೇನೆ. ಅಪರೂಪಕ್ಕೆ ನಾನು ಗೆದ್ದರೆ ಅಕ್ಕ, "ಏನೋ ಮೊದ್ದು, ಬೆಳಗ್ಗೆ ಯಾರ ಮುಖ ನೋಡಿ ಎದ್ದೆ?" ಅನ್ನುವಳು.

ಕಳೆದ ವರ್ಷ ನಮ್ಮ ಹಳೇ ಡಬ್ಬಾ ಟೀವಿ ಕಣ್ಣು ಮುಚ್ಚಿತು. ಯಾರೋ ರಿಪೇರಿಗೆ ಕೊಟ್ಟು ವಾಪಸು ಒಯ್ಯದೇ ಬಿಟ್ಟಿದ್ದ ಚಪ್ಪಟೆ ಟೀವಿಯನ್ನು ಗೋಡೆಗೆ ಹಾಕಿದೆ. ಅವತ್ತು ಅಕ್ಕ ಮೊದಲನೇ ಹಳ್ಳಕ್ಕೇ ಬಿದ್ದಳು. ಎರಡನೇ ಸಲವೂ ಬಿದ್ದಳು.

"ಇದು ತಡ ಮಾಡ್ತಿದೆ ಕಣೋ. ನಾನು ಒತ್ತಿದ ಮೇಲೆ ಯೋಚನೆ ಮಾಡಿ ಹಾರತ್ತೆ ಈ ಬೊಂಬೆ," ಅಂದಳು.

ಅವಳು ಹೇಳಿದ್ದು ನಿಜ. ಹೊಸ ಟೀವಿಗಳಿಗೆ ಸಿಂಗಾರದ ಹುಚ್ಚು. ಬಂದ ಚಿತ್ರವನ್ನು ನುಣುಪು ಮಾಡಿ, ಬಣ್ಣ ಬಳಿದು, ಆಮೇಲೆ ತೋರಿಸುತ್ತವೆ. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ಆಟ ಆಡುವವರಿಗೆ ಹಳ್ಳವೇ ಗತಿ. ಅದಕ್ಕೆ ಮದ್ದು ಗೇಮ್ ಮೋಡ್. ಅದನ್ನು ಹಾಕಿದರೆ ಸಿಂಗಾರವೆಲ್ಲ ಬಿಟ್ಟು ಚಿತ್ರ ನೇರವಾಗಿ ಬರುತ್ತದೆ. ಅಕ್ಕ ನೀರು ಕುಡಿಯಲು ಒಳಗೆ ಹೋದಾಗ ನಾನು ಮೆನುವಿನಲ್ಲಿ ಅದನ್ನು ಹುಡುಕಿ ಹಾಕಿದೆ. ಆಡಿ ನೋಡಿದೆ. ಒತ್ತಿದ ತಕ್ಷಣ ಬೊಂಬೆ ಹಾರಿತು. ಹೇಳದೇ ಸುಮ್ಮನಿದ್ದು ಅವಳನ್ನು ಚಕಿತಗೊಳಿಸೋಣ ಅಂದುಕೊಂಡೆ.

ಅಕ್ಕ ಬಂದು ಆಡಿದಳು. ಬಿದ್ದಳು.

ನಾನು ಪರದೆ ಬಿಟ್ಟು ಅವಳ ಕೈ ನೋಡಿದೆ. ಹಳ್ಳ ಬಂತು, ಅವಳ ಕಣ್ಣು ಅರಳಿತು, ಹೆಬ್ಬೆರಳು ಮಾತ್ರ ಹಾಗೇ ಇತ್ತು. ಬೊಂಬೆ ಬಿದ್ದ ಮೇಲೆ ಅದು ಮೆಲ್ಲಗೆ ಇಳಿದು ಗುಂಡಿ ಒತ್ತಿತು.

"ನೋಡಿದ್ಯಾ? ಎಂಥ ಸೋಂಬೇರಿ ಟೀವಿ ಇದು!" ಅಂತ ಅವಳು ನನ್ನ ಕಡೆ ತಿರುಗಿದಳು. ನಗುತ್ತಿದ್ದಳು, ಆದರೆ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಹಿಸುಕಿಕೊಳ್ಳುತ್ತಿದ್ದಳು.

ಆಗ ಹೇಳಬೇಕಿತ್ತು. ಹೇಳಲಿಲ್ಲ. "ಹೌದಕ್ಕ, ಈ ಮಾಡೆಲ್ಲೇ ಹೀಗೆ. ಇದಕ್ಕೆ ಗೇಮ್ ಮೋಡ್ ಇಲ್ಲ," ಅಂದೆ. ಅವಳು ಕೆಲಸಕ್ಕೆ ಕೂತ ಮೇಲೆ ಮೆನುವಿಗೆ ಹೋಗಿ ಅದನ್ನು ಆಫ್ ಮಾಡಿಬಿಟ್ಟೆ.

ಅವಳ ಮನಸ್ಸು ನೋಯಬಾರದು ಅಂತ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಆ ಕೈ ಕೆಟ್ಟರೆ ಈ ಅಂಗಡಿಯಲ್ಲಿ ಉಳಿಯುವುದು ಬರೀ ನನ್ನ ಬಾಯಿ ಎನ್ನುವ ಹೆದರಿಕೆ ಇನ್ನರ್ಧ. ನೋಡದಿದ್ದರೆ ಇಲ್ಲ ಅಂದುಕೊಂಡೆ. ಇಷ್ಟು ವಯಸ್ಸಾದವನಿಗೆ ಇಷ್ಟೂ ಬುದ್ಧಿ ಬೇಡವೇ?

ಮೋಡ್ ಇಲ್ಲದ ಟೀವಿಯಲ್ಲಿ ನಾನೂ ಬೀಳುತ್ತಿದ್ದೆ. ಹಾಗಾಗಿ ಇಬ್ಬರೂ ಸಮ. ಅಭ್ಯಾಸವಾಗಿ ನಾನು ಸರಿಯಾಗಿ ಹಾರತೊಡಗಿದಾಗ ಬೇಕೆಂದೇ ಬಿದ್ದೆ, ಡಬ್ಬಿ ತೊಳೆದೆ. ದಿನಾ ಟೀವಿಗೆ ಶಾಪ ಹಾಕಿದೆವು. ಅದು ಪಾಪ, ಎಲ್ಲ ಕೇಳಿಸಿಕೊಂಡು ಗೋಡೆಯ ಮೇಲೆ ಕೂತಿತ್ತು.

ಆದರೆ ಒಂದು ಸುಳ್ಳು ಒಂದೇ ಕಡೆ ಕೂರುವುದಿಲ್ಲವಲ್ಲ. ಅಕ್ಕ ಬೆಸುಗೆ ಹಾಕುವಾಗ ಬೋರ್ಡಿನ ಮೇಲೆ ಒಂದು ಕ್ಯಾಮೆರಾ ಇರುತ್ತದೆ, ಅದು ಹಿಡಿದದ್ದನ್ನು ದೊಡ್ಡದು ಮಾಡಿ ಪಕ್ಕದ ಪರದೆಯಲ್ಲಿ ತೋರಿಸುತ್ತದೆ. ಒಂದು ದಿನ ಚಿಮುಟದಿಂದ ಬಿಡಿಭಾಗ ಜಾರಿ ಎಲ್ಲೋ ಹಾರಿಹೋಯಿತು.

"ಇದೂ ತಡ ಮಾಡಕ್ಕೆ ಶುರು ಮಾಡ್ತಲ್ಲೋ! ನಿನ್ನ ಟೀವಿ ರೋಗ ಇದಕ್ಕೂ ಅಂಟಿಕೊಳ್ತು."

ನಾನು ಕೇಬಲ್ ಬದಲಾಯಿಸಿದೆ. ಮುಂದಿನ ವಾರ ಕ್ಯಾಮೆರಾ ಬದಲಾಯಿಸಿದೆ. ಅದಾದ ಮೇಲೆ ಪರದೆ. ಒಂದೊಂದು ಬದಲಾಯಿಸಿದಾಗಲೂ ಅಕ್ಕ, "ಈಗ ಪರವಾಗಿಲ್ಲ ಕಣೋ," ಅನ್ನುವಳು, ಎರಡು ದಿನ. ಬೀಗದ ಕೈ ಅವಳ ಕೈಯಿಂದ ಬೀಳತೊಡಗಿತು. ರವಿಕೆಯ ಗುಂಡಿ ಹಾಕುವುದು ಕಷ್ಟ ಅಂತ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ. ಹೆಂಡತಿ ನನಗೆ ಹೇಳಿದಾಗ, "ಚಳಿ ಅಲ್ವಾ," ಅಂದೆ. ಆಗ ಚಳಿಗಾಲವೇ ಅಲ್ಲ.

ಒಮ್ಮೆ ಅಕ್ಕನೇ, "ಡಾಕ್ಟರಿಗೆ ತೋರಿಸ್ಲೇನೋ?" ಅಂತ ಕೇಳಿದಳು.

"ಟೀವಿ ಕೆಟ್ಟರೆ ಡಾಕ್ಟರು ಏನು ಮಾಡ್ತಾರೆ?" ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಈಗಲೂ ಕಿವಿಯಲ್ಲಿದೆ, ನೆನೆದರೆ ನನ್ನ ನಾಲಿಗೆ ಕಿತ್ತುಕೊಳ್ಳೋಣ ಅನ್ನಿಸುತ್ತದೆ.

ಹೀಗೆ ಎಂಟು ತಿಂಗಳು ಕಳೆಯಿತು.

ಒಂದು ಬೆಳಗ್ಗೆ ನಾನು ಯಾರದೋ ಮನೆಗೆ ಟೀವಿ ನೇತುಹಾಕಲು ಹೋಗಿದ್ದೆ. ಆ ಹೊತ್ತಿಗೆ ಅಂಗಡಿಗೆ ಒಬ್ಬ ಬಸ್ ಕಂಡಕ್ಟರು ಟೀವಿಯನ್ನೂ ಆಟದ ಪೆಟ್ಟಿಗೆಯನ್ನೂ ಹೊತ್ತು ತಂದ. ಅವನೂ ಅವನ ಹೆಂಡತಿಯೂ ಕ್ರಿಕೆಟ್ ಆಟ ಆಡುತ್ತಾರಂತೆ. ಇವನು ಬ್ಯಾಟು ಬೀಸುವುದರೊಳಗೆ ಚೆಂಡು ವಿಕೆಟ್ಟಿಗೆ ಬಡಿದಿರುತ್ತದೆ, ಹೆಂಡತಿ ಮೂಗು ಮುರಿಯುತ್ತಾಳೆ. ಆ ಟೀವಿ ನಮ್ಮ ಗೋಡೆಯ ಮೇಲಿದ್ದ ಮಾಡೆಲ್ಲೇ. ನಾನು ಬರುವವರೆಗೆ ಕಾಯಿರಿ ಅನ್ನಬಹುದಿತ್ತು ಅಕ್ಕ. ಕಂಡಕ್ಟರನಿಗೆ ಡ್ಯೂಟಿಗೆ ಹೊತ್ತಾಗಿತ್ತು. ಅವಳು ಜೀವನದಲ್ಲಿ ಮೊದಲ ಸಲ ರಿಮೋಟ್ ಹಿಡಿದು ಮೆನುವಿನೊಳಗೆ ಇಳಿದಳು. ಚಿತ್ರ, ಅದರೊಳಗೆ ಇನ್ನಷ್ಟು, ಅದರೊಳಗೆ ಮತ್ತಷ್ಟು, ಎಲ್ಲಕ್ಕಿಂತ ಕೆಳಗೆ ಗೇಮ್ ಮೋಡ್. ಕಂಡಕ್ಟರು ಮೊದಲನೇ ಚೆಂಡಿಗೇ ಸಿಕ್ಸರ್ ಹೊಡೆದು ಅವಳಿಗೆ ಕೈಮುಗಿದು ಹೋದನಂತೆ.

ನಾನು ಬಂದಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಎಂಟು ತಿಂಗಳಲ್ಲಿ ಅಂಥ ಮುಖ ನೋಡಿರಲಿಲ್ಲ.

"ಲೋ ಮೊದ್ದು! ಇಪ್ಪತ್ತು ವರ್ಷದಿಂದ ಟೀವಿ ಜೊತೆ ಸಂಸಾರ ಮಾಡ್ತಿದೀಯ, ಇಷ್ಟೂ ಗೊತ್ತಾಗ್ಲಿಲ್ವೇನೋ? ಇದಕ್ಕೆ ಗೇಮ್ ಮೋಡ್ ಇದೆ! ನಮ್ದಕ್ಕೂ ಹಾಕಿಟ್ಟಿದೀನಿ. ಬಾ ಕೂತ್ಕೊ."

"ಊಟ ಮಾಡೋಣ ಅಕ್ಕ ಮೊದಲು."

"ಊಟ ಎಲ್ಲಿ ಓಡಿಹೋಗತ್ತೆ? ನಾನಿನ್ನೂ ಆಡಿಲ್ಲ, ನೀನು ಬರ್ಲಿ ಅಂತ ಕಾದೆ. ನನಗೆ ಎಷ್ಟು ಹೆದರಿಕೆ ಆಗಿತ್ತು ಗೊತ್ತೇನೋ? ಕೈಗೇ ಏನೋ ಆಗಿದೆ ಅಂದ್ಕೊಂಡಿದ್ದೆ. ಅಷ್ಟು ಹೆದರಿದೀನಿ ಅಂತ ಯಾರ ಹತ್ರಾನೂ ಹೇಳಿರ್ಲಿಲ್ಲ."

ಹೋಗಿ ಅವಳ ಪಕ್ಕದಲ್ಲಿ ಕೂತೆ.

ಬೊಂಬೆಗಳು ಓಡಿದವು. ಅವಳದು ಮೊದಲನೇ ಹಳ್ಳಕ್ಕೆ ಬಿತ್ತು. ನಾನು ಬೇಕೆಂದೇ ಎರಡನೇ ಹಳ್ಳಕ್ಕೆ ಬಿದ್ದೆ. "ತಡಿ, ಅಭ್ಯಾಸ ತಪ್ಪಿದೆ," ಅಂದಳು. ಮತ್ತೆ ಬಿದ್ದಳು. "ಮೊದಲೇ ಒತ್ತಿ ಒತ್ತಿ ಹಾಳಾಗಿದೀನಿ," ಅಂದಳು. ಮತ್ತೆ ಬಿದ್ದಳು. ನಾಲ್ಕನೇ ಸಲ ಬಿದ್ದಾಗ ಹೆಬ್ಬೆರಳನ್ನೇ ನೋಡಿಕೊಂಡಳು. ಐದನೇ ಸಲ ಹೆಬ್ಬೆರಳು ಬಿಟ್ಟು ತೋರುಬೆರಳಿನಲ್ಲಿ ಒತ್ತಿದಳು. ಅದೂ ತಡವಾಯಿತು.

ಆಟ ಮುಂದುವರಿಯಿತು, ಅವಳು ತಿರುಗಿ ನನ್ನನ್ನು ನೋಡಿದಳು.

"ನೀನು ಪರದೆ ನೋಡ್ತಾ ಇಲ್ಲ," ಅಂದಳು. "ನನ್ನ ಕೈ ನೋಡ್ತಾ ಇದೀಯ."

ನಾನು ಆಟ ನಿಲ್ಲಿಸಿದೆ.

"ಯಾವತ್ತಿಂದ ಗೊತ್ತು ನಿನಗೆ?"

"ಮೊದಲನೇ ದಿನದಿಂದ."

"ಮೋಡ್ ಇರೋದೂ?"

"ಹೂಂ."

ಬೈಯುತ್ತಾಳೆ ಅಂದುಕೊಂಡೆ. ಕಪಾಳಕ್ಕೆ ಬಾರಿಸಿದ್ದರೂ ತಿನ್ನುತ್ತಿದ್ದೆ, ಅಕ್ಕನಲ್ಲವೇ. ಅವಳು ಎದ್ದು ತನ್ನ ಡಬ್ಬಿ ಬಿಚ್ಚಲು ಹೋದಳು. ಮುಚ್ಚಳ ಬರಲಿಲ್ಲ. ಸ್ವಲ್ಪ ಹೊತ್ತು ಅದರ ಜೊತೆ ಗುದ್ದಾಡಿ, ಹಾಗೇ ಮೇಜಿನ ಮೇಲೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ಕೂತಳು. ಇಬ್ಬರೂ ಅವತ್ತು ಉಣ್ಣಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕತ್ತಿನ ಮೂಳೆ ಸವೆದು ಬೆನ್ನುಹುರಿಯನ್ನು ಒತ್ತುತ್ತಿದೆ ಅಂದರು. ಆಪರೇಷನ್ ಮಾಡಿದರೆ ಇನ್ನು ಕೆಡದಂತೆ ತಡೆಯಬಹುದು, ಹೋದದ್ದು ವಾಪಸು ಬರುತ್ತದೆ ಎನ್ನುವ ಭರವಸೆ ಇಲ್ಲ.

"ಶುರುವಾದಾಗಲೇ ಬಂದಿದ್ರೆ ಕೈ ಉಳಿಸ್ಕೊಳ್ಳಬಹುದಿತ್ತೇನೋ," ಅಂದರು ಡಾಕ್ಟರು. "ಇಷ್ಟು ದಿನ ಯಾಕೆ ಬಿಟ್ರಿ?"

ಅಕ್ಕ ಹೇಳಿದಳು, "ಟೀವಿ ತೊಂದರೆ ಅಂದ್ಕೊಂಡಿದ್ವಿ ಡಾಕ್ಟ್ರೆ."

ಅಂದ್ಕೊಂಡಿದ್ವಿ ಅಂದಳು. ಇವನು ಹಾಗಂದ ಅನ್ನಲಿಲ್ಲ. ಬೇರೆಯವರ ಮುಂದೆ ನನ್ನನ್ನು ಬಿಟ್ಟುಕೊಡುವುದು ಅವಳಿಗೆ ಯಾವತ್ತೂ ಗೊತ್ತಿಲ್ಲ. ಡಾಕ್ಟರು ಆ ಉತ್ತರ ಅರ್ಥವಾಗದೆ ಅವಳನ್ನೇ ನೋಡಿದರು.

ಆಪರೇಷನ್ ಆಗಿ ಮೂರು ತಿಂಗಳಾಯಿತು. ಈಗ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಬರುತ್ತಾಳೆ. ಅವಳ ಬೆಸುಗೆ ಮೇಜಿನ ಮೇಲೆ ಬಟ್ಟೆ ಹೊದಿಸಿದೆ. ಬೋರ್ಡು ಹಿಡಿದು ಬಂದವರಿಗೆ, ಆಗಲ್ಲ ಅಂತ ನಾನೇ ಹೇಳಿ ಕಳಿಸುತ್ತೇನೆ. ಅವಳು ಗಿರಾಕಿಗಳ ಹೆಸರು ಬರೆಯಲು ಹೋಗಿ, ಅಕ್ಷರ ಸೊಟ್ಟಗಾದರೆ ಪೆನ್ನು ಕೆಳಗಿಡುತ್ತಾಳೆ. ಆಗ ಪೆನ್ನು ಸರಿಯಿಲ್ಲ ಅಂತ ನಾನು ಅನ್ನುವುದಿಲ್ಲ. ಆ ಮಾತು ಬಾಯಿಯವರೆಗೆ ಬರುತ್ತದೆ, ಕಚ್ಚಿ ಹಿಡಿಯುತ್ತೇನೆ.

ನಿನ್ನೆ ಊಟವಾದ ಮೇಲೆ ಅವಳೇ, "ಆಡೋಣ," ಅಂದಳು.

"ಬೇಡ ಅಕ್ಕ."

"ಆಡು. ಬೇಕು ಅಂತ ಬಿದ್ದೆ ಅಂದ್ರೆ ನೋಡು ಮತ್ತೆ. ಕಣ್ಣು ಪರದೆ ಮೇಲಿರ್ಲಿ."

ಸರಿಯಾಗಿ ಆಡಿದೆ. ಒತ್ತಿದ ತಕ್ಷಣ ಬೊಂಬೆ ಹಾರಿತು, ಒಂದೊಂದೇ ಹಳ್ಳ ದಾಟಿತು. ಅವಳದು ಮೊದಲನೇ ಹಳ್ಳದ ತಳದಲ್ಲೇ ಇತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಆಡಿರಲಿಲ್ಲ. ಗೆದ್ದೆ.

ಅಕ್ಕ ಎದ್ದು ಎರಡೂ ಡಬ್ಬಿಗಳನ್ನು ಎದೆಗೆ ಒತ್ತಿ ಹಿಡಿದುಕೊಂಡು ನಲ್ಲಿಯ ಹತ್ತಿರ ಹೋದಳು. ನಾನೂ ಏಳಹೋದೆ.

"ಕೂತ್ಕೊಳೋ. ಸೋತಿದ್ದು ನಾನು," ಅಂದಳು.

ಕೂತೆ. ಒಳಗೆ ನೀರು ಬಿಟ್ಟ ಸದ್ದು. ಡಬ್ಬಿ ಜಾರಿ ಠಣ್ಣೆಂದು ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ಪರದೆಯ ಮೇಲೆ ಗೆದ್ದ ಬೊಂಬೆ ಕುಣಿಯುತ್ತಿತ್ತು. ಅವಳು ಹೇಳಿದ ಹಾಗೆ ನಾನು ಅದನ್ನೇ ನೋಡುತ್ತಾ ಕೂತೆ, ಡಬ್ಬಿ ಮೂರನೇ ಸಲ ಬಿದ್ದಾಗಲೂ ತಿರುಗಲಿಲ್ಲ.