ಗುನ್ವೋರಳ ಬೂದು ಕೋಟು

ನಾರ್ವೆಯ ವೇಗಾ ದ್ವೀಪಗಳಲ್ಲಿ ವಸಂತ ಬಂತೆಂದರೆ ಸಾಕು, ಈಡರ್ ಬಾತುಗಳು ಗೂಡಿಗೆ ಬರುವ ಮುನ್ನ ದಡದಾಚೆಯ ನೀರಿನಲ್ಲಿ ಹಿಂಡುಗಟ್ಟಿ ಠಿಕಾಣಿ ಹೂಡುತ್ತವೆ. ಗಂಡುಗಳೇನೋ ಬೆಳ್ಳಗೆ ದೂರದಿಂದಲೇ ಕಾಣುತ್ತವೆ. ಹೆಣ್ಣುಗಳೆಲ್ಲ ಒಂದೇ ಕಂದು. ಆ ಕಂದು ರಾಶಿಯಲ್ಲೂ ಮುದುಕಿ ಗುನ್ವೋರ್ ತನ್ನದನ್ನು ಕಂಡುಹಿಡಿಯುತ್ತಿದ್ದಳು: ಕಣ್ಣಿನ ಹಿಂದೆ ಮಾಸಲು ಗೆರೆ, ಕೊಕ್ಕಿನ ತುದಿಯಲ್ಲಿ ಮುಕ್ಕು. ವರ್ಷವರ್ಷವೂ ಅದು ದಡದಂಚಿನ ಅವಳ ಅಡುಗೆಮನೆ ಗೋಡೆಗೆ ಆನಿಸಿದ ಹಲಗೆಗೂಡಿಗೇ ನಡೆದು ಬರುತ್ತಿತ್ತು.

ಈ ಚಳಿಗಾಲ ಗುನ್ವೋರ್ ಹಿಮದಲ್ಲಿ ಜಾರಿ ಮಂಡಿ ಮುರಿದುಕೊಂಡಳು. ಕಡಲಪಾಚಿ ಒಣಗಿಸಿ ಗೂಡು ಹಾಸುವ ಕೆಲಸ ಸೊಸೆ ಸುನ್ನೀವಳ ಪಾಲಾಯಿತು. ಜೊತೆಗೆ ಅತ್ತೆಯ ಬೂದು ಕೋಟೂ. ಗೂಡಿನ ತುಪ್ಪುಳಕ್ಕಾಗಿ ಈ ಕಾಡು ಬಾತುಗಳನ್ನು ನೋಡಿಕೊಳ್ಳುವವರು ಕಾವಿನ ಕಾಲವಿಡೀ ಒಂದೇ ಬಟ್ಟೆ ತೊಡಬೇಕು. ಹೊಸ ಬಣ್ಣ ಕಂಡರೆ ಬಾತು ಮೊಟ್ಟೆ ಬಿಟ್ಟು ಓಡುತ್ತದೆ.

ಬಾತು ಬಂತು, ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಸುನ್ನೀವ ಕೈ ಚಾಚಿದರೂ ಮಿಸುಕಲಿಲ್ಲ. ಕಿಟಕಿಯಲ್ಲಿ ಕೂತು ನೋಡುತ್ತಿದ್ದ ಗುನ್ವೋರಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಅತ್ತೆ, ನಮ್ಮ ಬಾತು ಇವತ್ತು ನನ್ನ ಕೈ ಮೇಲೇ ಕೊಕ್ಕು ಇಟ್ಟಿತ್ತು!"

"ನಮ್ಮ ಬಾತಂತೆ! ನಿನ್ನೆ ಮೊನ್ನೆ ಬಂದೋಳು. ಬಿಚ್ಚಿಡು ಆ ಕೋಟು."

"ಕೋಟಿಲ್ದೆ ಹೆಂಗೆ ಹೋಗ್ಲಿ? ಹೆದರ್ಕೊಳ್ಳುತ್ತೆ."

"ನನ್ನನ್ನಾದ್ರೆ ಅದು ಮುಖ ನೋಡೇ ಗುರುತು ಹಿಡಿಯುತ್ತೆ. ಕೋಟು ಗೀಟು ಎಲ್ಲ ನಿಮ್ಮಂಥೋರಿಗೆ."

ಸುನ್ನೀವ ಬಿಚ್ಚಿಕೊಟ್ಟಳು. ಗುನ್ವೋರ್ ಕೋಟನ್ನು ಪೆಟ್ಟಿಗೆಗೆ ತುರುಕಿ ಬೀಗ ಜಡಿದಳು. ಮಹಾತಾಯಿ, ಎಂಥ ಹೊಟ್ಟೆಕಿಚ್ಚು ನೋಡಿ! ಬಾತು ಸೊಸೆಯನ್ನು ಕಂಡು ಹೆದರಿ ಓಡಲಿ, ಇವಳ ಜಂಬ ಇಳಿಯಲಿ ಎಂದೇ ಕಾದಳು.

ಮರುದಿನ ಗಾಳಿಗೆ ಗೂಡಿನ ಹಲಗೆ ಕಳಚಿತು. ಸರಿಮಾಡಲೆಂದು ಸುನ್ನೀವ ಕೆಂಪು ಜಾಕೆಟ್ಟಿನಲ್ಲೇ ಮೆಲ್ಲಗೆ ಹೋದಳು. ಬಾತು ಧಡಕ್ಕನೆದ್ದು ನೀರಿಗೆ ಬಿತ್ತು. ಬಯಲಾದ ಮೊಟ್ಟೆಗಳ ಮೇಲೆ ಕಡಲಹಕ್ಕಿಗಳು ಸುತ್ತತೊಡಗಿದವು.

ಅಯ್ಯೋ! ಗುನ್ವೋರ್ ಊರುಗೋಲನ್ನೂ ಮರೆತು ಕುಂಟುತ್ತಾ ಹೋಗಿ ಗೂಡಿನ ಮುಂದೆ ಕುಸಿದು, ಮೊಟ್ಟೆಗಳಿಗೆ ತನ್ನ ಶಾಲು ಹೊದಿಸಿದಳು. ಬಾತು ಅಲ್ಲೇ ನೀರಿನಲ್ಲಿ ತೇಲುತ್ತಿತ್ತು.

"ಬಾರೇ, ನಾನು ಕಣೇ. ಬಾ," ಎಂದು ಅಂಗಲಾಚಿದಳು.

ಅದು ಅವಳ ಮುಖವನ್ನೇ ದಿಟ್ಟಿಸಿ, ಇನ್ನಷ್ಟು ದೂರ ಸರಿಯಿತು.

ಕೈಕೆಳಗೆ ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಗುನ್ವೋರ್ ಜೇಬಿನಿಂದ ಬೀಗದ ಕೈ ತೆಗೆದು ಸೊಸೆಯತ್ತ ಎಸೆದಳು. "ಹಾಕ್ಕೊಂಡು ಬಾ, ಬೇಗ!"

ಸುನ್ನೀವ ಬೂದು ಕೋಟು ತೊಟ್ಟು ಬಂದು ಗೂಡಿನ ಪಕ್ಕ ಕೂತಳು. ಗುನ್ವೋರ್ ಶಾಲು ಎಳೆದುಕೊಂಡು ತೆವಳುತ್ತಾ ಹಿಂದೆ ಸರಿದಳು. ಬಾತು ದಡ ಹತ್ತಿ, ಓಲಾಡುತ್ತಾ, ಮುದುಕಿಯತ್ತ ಕಣ್ಣೂ ಹಾಯಿಸದೆ ಹಾದುಹೋಗಿ, ಕೋಟಿನ ಮಗ್ಗುಲಲ್ಲಿ ಮೊಟ್ಟೆಗಳ ಮೇಲೆ ಕೂತಿತು.

"ಇಷ್ಟು ವರ್ಷ ಅದು ಬರ್ತಿದ್ದದ್ದು ನನ್ನ ಹತ್ರ ಅಲ್ಲ ಕಣೇ," ಎಂದಳು ಗುನ್ವೋರ್.

ಮುದುಕಿ ಆ ಹರಕು ಕೋಟನ್ನು ಸವತಿಯನ್ನು ನೋಡಿದಂತೆ ನೋಡಿದಳು.

"ಮೇಲಿನ ಗುಂಡಿ ಹಾಕ್ಕೋ," ಎಂದು ಗದರಿದಳು. "ನಾನು ಹಾಕ್ಕೋತಿದ್ದೆ."