ಅಳತೆಯಲ್ಲಿ ಉಳಿದವನು

“ಅಂಗಿ ಯಾವ ಬಣ್ಣದ್ದು ಸಾರ್?” ಉತ್ಸವದ ಮೈಕ್ ಹಿಡಿದವನು ಎರಡನೇ ಸಲ ಕೇಳಿದ.

ಅಪ್ಪನನ್ನು ಹುಡುಕುತ್ತ ಬಂದವನಿಗೆ ನೆನಪಾಗಲಿಲ್ಲ. ಈ ಹಳೇ ದೇವಸ್ಥಾನದ ನಕ್ಷತ್ರಾಕಾರದ ಜಗತಿ-ಕಟ್ಟೆಗೆ ಎಷ್ಟು ಮೂಲೆ, ನವರಂಗದ ಯಾವ ಕಂಬ ಎತ್ತ ವಾಲಿದೆ, ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದ. ಅಪ್ಪನ ಅಂಗಿ?

“ಮುಖದ ಮೇಲೆ ಮಚ್ಚೆ ಗಿಚ್ಚೆ?”

“ನೋಡಿಲ್ಲ.”

“ಸ್ವಂತ ತಂದೆ ತಾನೆ?”

ನಾಳೆಯಿಂದ ದುರಸ್ತಿ. ಅಷ್ಟರೊಳಗೆ ಇಡೀ ಗುಡಿಯನ್ನು ಲೇಸರ್ ಯಂತ್ರದಲ್ಲಿ ಅಳೆದು ಮುಗಿಸಬೇಕಿತ್ತು. ಉತ್ಸವವೂ ಇವತ್ತೇ ಬಂದು ವಕ್ಕರಿಸಿತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು, ತನ್ನ ಹೆಸರನ್ನೇ ಮರೆಯುವ ಅಪ್ಪನನ್ನು ಜೊತೆಗೆ ಕರೆತಂದು, ದೇವರ ಕಡೆ ಮುಖ ಮಾಡಿಸಿ, ಕಂಬಕ್ಕೆ ಭುಜ ಒರಗಿಸಿ ಕೂರಿಸಿದ್ದ. “ಅಲ್ಲಾಡ್ಬೇಡ ಅಪ್ಪ, ಅಳತೆ ಕೆಡುತ್ತೆ.” ಪಲ್ಲಕ್ಕಿ ಹೊರಟಾಗ ಜನ ನುಗ್ಗಿದರು. ಜನ ಕರಗಿದ ಮೇಲೆ ಕಂಬವೊಂದೇ ಇತ್ತು. ಪ್ರದಕ್ಷಿಣೆಯ ದಾರಿ, ಕೊಳ, ಚಪ್ಪಲಿ ಬಿಡುವ ಜಾಗ, ಎಲ್ಲ ಹುಡುಕಿಯಾಗಿತ್ತು.

ಹೆಂಡತಿಗೆ ಫೋನ್ ಮಾಡಿದ.

“ಅಂಗಿ ಯಾವ್ದು ಅಂತ ನನ್ನ ಕೇಳ್ತೀರಲ್ರೀ? ನಾನು ಕೆಲಸಕ್ಕೆ ಹೊರಟಾಗ ಮಾವ ಇನ್ನೂ ಮಲಗಿದ್ರು. ಗುಂಡಿ ಹಾಕಿದ್ದು ನೀವೇ ಅಲ್ವಾ?”

“ಹೂಂ.”

“ಮತ್ತೆ?”

“ಇಲ್ಲಿ ಸಿಗ್ನಲ್ ಸರಿ ಇಲ್ಲ,” ಎಂದು ಇಟ್ಟುಬಿಟ್ಟ.

ಬೆರಳಿಗೆ ಗುಂಡಿಗಳು ನೆನಪಿದ್ದವು. ಬಣ್ಣ ಇರಲಿಲ್ಲ.

ಯಂತ್ರವಾದರೂ ನೋಡಿರಬೇಕಲ್ಲ. ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ಓಡಾಡುವುದನ್ನೆಲ್ಲ ಕಸವೆಂದು ಅಳಿಸಿ, ಅಲುಗದ್ದನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಧರ್ಮ. ತೆರೆಯ ಮೇಲೆ ಉತ್ಸವವೇ ನಡೆದಿರಲಿಲ್ಲ. ಪಲ್ಲಕ್ಕಿಯಿಲ್ಲ, ದೇವರಿಲ್ಲ, ಹೊತ್ತವರಿಲ್ಲ. ಖಾಲಿ ನವರಂಗದಲ್ಲಿ, ಕಂಬಕ್ಕೇ ಸೇರಿದ ಉಬ್ಬುಕೆತ್ತನೆಯ ಹಾಗೆ, ಅಪ್ಪ. ಹೇಳಿದ ಮಾತು ಮೀರಿರಲಿಲ್ಲ.

ಬೂದು. ಕಂಬ ಬೂದು, ಅಂಗಿ ಬೂದು, ತಲೆಯೂ ಬೂದು. ಕೆಲಸ ಬೇಗ ಮುಗಿಯಲೆಂದು ಬಣ್ಣ ಹಿಡಿಯುವುದನ್ನು ಬೆಳಿಗ್ಗೆ ಅವನೇ ನಿಲ್ಲಿಸಿದ್ದ.

“ಇವರೇನಾ?” ಮೈಕಿನವನು ಹೆಗಲ ಮೇಲಿಂದ ಇಣುಕಿದ. “ಬೆನ್ನು ತೋರಿಸಿ ಹುಡುಕು ಅಂದ್ರೆ ಹೆಂಗೆ ಸಾರ್? ಮುಖ ತೋರ್ಸಿ.”

ಅವನು ಚಿತ್ರವನ್ನು ಮೆಲ್ಲಗೆ ತಿರುಗಿಸಿದ. ಭುಜ ಬಂತು. ಕಿವಿ ಬಂತು. ಇನ್ನಷ್ಟು ತಿರುಗಿಸಿದ. ಯಂತ್ರಕ್ಕೆ ತನ್ನ ಎದುರಿಗಿದ್ದ ಮೈಯಷ್ಟೇ ಕಾಣುತ್ತದೆ. ಅದು ನಿಂತಿದ್ದು ಅಪ್ಪನ ಹಿಂದೆ, ಕಂಡಿದ್ದು ಬೆನ್ನು. ಮುಖವಿರಬೇಕಾದ ಕಡೆ ಏನೂ ಇರಲಿಲ್ಲ.

“ಏನಂತ ಕೂಗ್ಲಿ ಸಾರ್?”

ಅವನು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ. ತೆಳ್ಳನೆಯ ಸಿಪ್ಪೆ, ಒಳಗೆ ಟೊಳ್ಳು. ವಿಗ್ರಹ ಕಿತ್ತುಹೋದ ಗೂಡಿನಂತೆ, ಒಬ್ಬರು ಹೋಗಿ ಕೂರುವಷ್ಟು ಜಾಗ ಮಾಡಿಕೊಂಡು, ಅದು ಅವನ ಕಡೆಗೇ ತೆರೆದಿತ್ತು.